ಬೆನ್ನ ಮೇಲಿನ ಮುದ್ರೆ

ಟಿಕ್.

ಇಲಿಯದಲ್ಲ, ನಲ್ಲಿಯದೂ ಅಲ್ಲ. ಸ್ವಲ್ಪ ಹೊತ್ತು ಬಿಟ್ಟು ಮತ್ತೆ, ಟಿಕ್. ಮಲಗಿದ ಮೇಲೂ ಒಂದು ಕಿವಿಯನ್ನು ಮನೆಯ ಕಾವಲಿಗೆ ಬಿಟ್ಟಿರುವುದು ಸೊಸೆಯ ಹಳೆಯ ಅಭ್ಯಾಸ. ಗ್ಯಾಸು ಆರಿಸಿದೆನೇ, ಚಿಲಕ ಹಾಕಿದೆನೇ, ಮಗಳು ಕೆಮ್ಮಿದಳೇ ಎಂದು ಯೋಚಿಸುತ್ತಲೇ ಅವಳಿಗೆ ನಿದ್ದೆ ಹತ್ತಬೇಕು. ದಿನವಿಡೀ ವ್ಯಾನು ಓಡಿಸಿದ ದಣಿವಿಗೆ ಗಂಡ ಪಕ್ಕದಲ್ಲಿ ಕೊರಡಿನಂತೆ ಬಿದ್ದುಕೊಂಡಿದ್ದ. ಅವಳು ಮೆಲ್ಲನೆ ಎದ್ದು ಅಡುಗೆಮನೆಗೆ ಬಂದಳು.

ಅತ್ತೆ ಊಟದ ಮೇಜಿನ ಮುಂದೆ ಕೂತಿದ್ದರು. ಮಡಿಲಲ್ಲಿ ಮಕ್ಕಳ ಕೋಟೊಂದು ಬೋರಲು ಬಿದ್ದಿತ್ತು. ಅದರ ಬೆನ್ನಿಗೆ ಹಸಿರು ಬಟ್ಟೆಯ ಅಗಲವಾದ ಪಟ್ಟಿ ಹೊಲಿಯುತ್ತಿದ್ದರು. ಹೊಲಿಗೆ ಮುಗಿದಲ್ಲಿ ಬಗ್ಗಿ, ಹಲ್ಲಿನಿಂದ ದಾರ ಕಡಿದರು. ಟಿಕ್.

"ಕತ್ತರಿ ಇಲ್ವಾ ಅತ್ತೆ?"

"ಇದೆ. ಅದನ್ನ ಮೇಜಿನ ಮೇಲಿಟ್ರೆ ಮೇಜು ಕುಂಟುತ್ತೆ, ಕುಂಟಿದ್ರೆ ಸದ್ದಾಗುತ್ತೆ, ಸದ್ದಾದ್ರೆ ನಿನ್ನ ಗಂಡ ಏಳ್ತಾನೆ."

"ಬಾಯಲ್ಲಿರೋದೇ ನಾಲ್ಕು ಹಲ್ಲು."

"ಅವಕ್ಕೂ ಒಂದು ಕೆಲಸ ಬೇಡ್ವೇನೇ?"

ಸೊಸೆಗೆ ನಗು ಬರಲಿಲ್ಲ. ಆ ಹಸಿರು ಪಟ್ಟಿಯ ಅಡಿಯಲ್ಲಿ ಏನಿದೆಯೆಂದು ಅವಳಿಗೆ ಗೊತ್ತಿತ್ತು. ಅದನ್ನು ಮನೆಗೆ ತಂದು ಹೇಳಿದವಳೇ ಅವಳು.

ಗಂಡ ಹಂಚಿಕೆ ಕೇಂದ್ರದ ವ್ಯಾನು ಓಡಿಸುತ್ತಿದ್ದ. ಅಂಗಡಿಗಳಲ್ಲಿ ಮಿಕ್ಕಿದ್ದನ್ನು ಎತ್ತಿ ತಂದು ಇಲ್ಲದವರಿಗೆ ಮುಟ್ಟಿಸುವುದು ಕೇಂದ್ರದ ಕೆಲಸ. ಬೇಕರಿಯ ಸಂಜೆಯ ಬ್ರೆಡ್ಡು, ಜಜ್ಜಿಹೋದ ಡಬ್ಬಗಳು, ಕಾಗದ ಹರಿದ ಸೋಪು, ಕಳೆದ ವರ್ಷದ ಬಣ್ಣವೆಂದು ಯಾರೂ ಕೊಳ್ಳದ ಬಟ್ಟೆ. ಕೇಂದ್ರದ ಗೋದಾಮು ತುಂಬಿದಾಗ ಹೆಚ್ಚಾದದ್ದು ಈ ಮನೆಯ ಹಜಾರಕ್ಕೆ ಬರುತ್ತಿತ್ತು. ಪೆಟ್ಟಿಗೆಗಳ ನಡುವೆ ಅಡ್ಡಡ್ಡ ತಿರುಗಿ ನಡೆಯುವುದು ಮನೆಯವರಿಗೆಲ್ಲ ರೂಢಿಯಾಗಿಹೋಗಿತ್ತು. ಆ ರಾಶಿಯಿಂದ ಒಂದು ಬಿಸ್ಕತ್ತನ್ನೂ ಮನೆಯವರು ಮುಟ್ಟಕೂಡದು ಎಂಬುದು ಗಂಡನ ಕಟ್ಟಪ್ಪಣೆ.

ಆದರೆ ಬೀದಿಯಲ್ಲಿ ಬಿದ್ದ ಮೊಳೆ, ದಾರದ ತುಂಡು, ಮುರಿದ ಹಿಡಿಕೆ ಕಂಡರೆ ಮಾತ್ರ ಅವನ ಕೈ ನಿಲ್ಲುತ್ತಿರಲಿಲ್ಲ. "ಇರ್ಲಿ ಬಿಡು, ಯಾವುದಕ್ಕಾದರೂ ಬರುತ್ತೆ" ಎಂದು ಜೇಬಿಗಿಳಿಸುವನು. ಏನನ್ನಾದರೂ ಬಿಸಾಡುವುದು ಅವನ ಜಾಯಮಾನದಲ್ಲೇ ಇರಲಿಲ್ಲ. ಇಷ್ಟೆಲ್ಲ ಕೂಡಿಟ್ಟವನಿಗೆ ಊಟದ ಮೇಜಿನ ಮೋಟು ಕಾಲಿಗೆ ಒಂದು ಆಸರೆ ಕೊಡಲು ಮಾತ್ರ ಆಗಿರಲಿಲ್ಲ. ಹೇಳಿ ಹೇಳಿ ಸೊಸೆಯ ಬಾಯಿ ಸೋತಿತ್ತು. "ಸರಿಯಾದ ತುಂಡು ಸಿಗಲಿ ತಡಿ" ಅನ್ನುವನು. ಅಲ್ಲಿಯವರೆಗೆ ಯಾರಾದರೂ ಮೊಣಕೈ ಊರಿದರೆ ಎಲ್ಲರ ಲೋಟದ ನೀರೂ ತುಳುಕಬೇಕು.

ಮಕ್ಕಳ ಕೋಟುಗಳು ಬರುತ್ತಿದ್ದುದು ಊರಿನ ದೊಡ್ಡ ಬಟ್ಟೆ ಅಂಗಡಿಯಿಂದ. ಹೋದ ಚಳಿಗಾಲದಲ್ಲಿ ಯಾರೋ ಒಬ್ಬರು ಹಾಗೆ ಸಿಕ್ಕ ಕೋಟನ್ನು ಅದೇ ಅಂಗಡಿಗೆ ಒಯ್ದು, ಅಳತೆ ಸರಿಯಿಲ್ಲ, ದುಡ್ಡು ಕೊಡಿ ಎಂದು ಕೇಳಿದ್ದರಂತೆ. ಧಣಿಗೆ ಕೋಪ ಬಂತು. ಈ ವರ್ಷ ಪ್ರತಿಯೊಂದು ಕೋಟಿನ ಬೆನ್ನಿಗೂ, ಎರಡು ಭುಜಗಳ ನಡುವೆ, ತಟ್ಟೆಯಗಲದ ಕೆಂಪು ಮುದ್ರೆ ಬಿತ್ತು: ದಾನದ ವಸ್ತು, ಮಾರಾಟಕ್ಕಲ್ಲ. ಅದರ ಕೆಳಗೆ ಅಂಗಡಿಯ ಗುರುತು.

ಸೊಸೆ ಶಾಲೆಯೊಂದರಲ್ಲಿ ಗ್ರಂಥಾಲಯ ನೋಡಿಕೊಳ್ಳುತ್ತಿದ್ದಳು. ಕೋಟುಗಳ ಮೊದಲ ಕಂತು ಹಂಚಿದ ಮರುವಾರ ಅವಳಿಗೊಂದು ವಿಚಿತ್ರ ಕಾಣಿಸಿತು. ಕೆಲವು ಮಕ್ಕಳು ಓದುವಾಗಲೂ ಚೀಲ ಇಳಿಸುತ್ತಿರಲಿಲ್ಲ. ಬೆನ್ನಿಗೆ ಚೀಲ ಕಟ್ಟಿಕೊಂಡೇ ಬೆಂಚಿನ ತುದಿಯಲ್ಲಿ ಕೂರುವವು, ಹೊತ್ತುಕೊಂಡೇ ಮೈದಾನದಲ್ಲಿ ಓಡುವವು.

"ಚೀಲ ಇಳಿಸು ಮರಿ, ಭಾರ ಆಗಲ್ವಾ?" ಎಂದು ಒಂದು ಹುಡುಗಿಯನ್ನು ಕೇಳಿದಳು.

"ಬೇಡ ಮಿಸ್."

"ನೆಟ್ಟಗೆ ಕೂರೋಕೂ ಆಗ್ತಿಲ್ವಲ್ಲೇ."

"ಆಗುತ್ತೆ ಮಿಸ್."

ಅಷ್ಟರಲ್ಲಿ ಹಿಂದಿನಿಂದ ಯಾರೋ ಚೀಲ ಜಗ್ಗಿದರು. ಕೆಂಪು ಅಕ್ಷರ ಬಯಲಾಯಿತು. ಮೂಲೆಯಲ್ಲಿದ್ದವರು ಅದನ್ನು ರಾಗವಾಗಿ ಓದಿದರು, ಪಾಠದ ಪದ್ಯ ಓದುವ ಹಾಗೆ. ಹುಡುಗಿ ಅಳಲಿಲ್ಲ. ಗೋಡೆಗೆ ಬೆನ್ನು ಹಚ್ಚಿ ನಿಂತಳು. ಗಂಟೆ ಹೊಡೆಯುವವರೆಗೂ ಹಾಗೇ ನಿಂತಿದ್ದಳು.

ಆ ರಾತ್ರಿ ಊಟಕ್ಕೆ ಕೂತಾಗ ಸೊಸೆ ಇದನ್ನು ಹೇಳಿದಳು. ಅತ್ತೆ ತುತ್ತನ್ನು ತಟ್ಟೆಗೇ ಬಿಟ್ಟರು.

"ಸೀಲು ಹೊಡೆಯೋಕೆ ಅವೇನು ಮಕ್ಕಳೋ, ಗೋಣಿಚೀಲಗಳೋ?"

"ಅಮ್ಮ, ಕೋಟು ಬೆಚ್ಚಗಿದೆಯಾ ಇಲ್ವಾ, ಅಷ್ಟು ನೋಡು" ಎಂದ ಗಂಡ. "ಅಂಗಡಿಯವರು ಕೊಡಲ್ಲ ಅಂದ್ರೆ ಆ ಮಕ್ಕಳು ಬರೀ ಅಂಗಿಯಲ್ಲಿ ನಡುಗ್ತಾವೆ."

"ಅಪ್ಪಾ," ಮಗಳು ನಡುವೆ ಬಾಯಿ ಹಾಕಿದಳು. ಎಲ್ಲದಕ್ಕೂ ವಾದ ಹೂಡುವ ಅವಳನ್ನು ಮನೆಯಲ್ಲಿ ಲಾಯರಮ್ಮ ಎಂದೇ ಕರೆಯುತ್ತಿದ್ದರು. "ಒಬ್ಬರು ತಪ್ಪು ಮಾಡಿದ್ರೆ ಎಲ್ಲರಿಗೂ ಶಿಕ್ಷೆನಾ? ಅದು ಯಾವ ಕಾನೂನು?"

"ಲಾಯರಮ್ಮ, ಮೊದಲು ತರಕಾರಿ ತಿನ್ನು."

"ತಿಂತೀನಿ. ಉತ್ತರ ಹೇಳು."

"ಉತ್ತರ ಹೇಳೋಕೆ ನಾನು ಅಂಗಡಿ ಧಣಿ ಅಲ್ಲ. ವ್ಯಾನಿನ ಡ್ರೈವರು." ಅವನು ಮೊಣಕೈ ಊರಿ ಎದ್ದ. ಮೇಜು ಕುಂಟಿ ನೀರು ಚೆಲ್ಲಿತು. "ಆ ಕೆಲಸ ಇರೋದ್ರಿಂದಲೇ ಈ ತಟ್ಟೆಗೆ ಅನ್ನ ಬೀಳ್ತಿರೋದು."

ಸೊಸೆ ನೀರು ಒರೆಸಿದಳು. ಆಡುವ ಮುನ್ನ ಮಾತನ್ನು ತೂಗಿ ನೋಡುವುದು ಅವಳ ಸ್ವಭಾವ. ತೂಗಿ ಮುಗಿಯುವ ಹೊತ್ತಿಗೆ ಎದುರಿನವರು ಎದ್ದು ಹೋಗಿರುತ್ತಿದ್ದರು.

ಅತ್ತೆ ಮಾತ್ರ ತೂಗಲಿಲ್ಲ. ಕಣ್ಣು ಸೋಲುವವರೆಗೂ ಹೊಲಿಗೆಯಲ್ಲೇ ಬದುಕಿದವರು. ಹಜಾರದಲ್ಲಿ ಇನ್ನೂ ಹಂಚದ ಕೋಟುಗಳ ಪೆಟ್ಟಿಗೆಗಳಿದ್ದವು. ಹಳೆಯ ಪರದೆಯೊಂದನ್ನು ಬಿಚ್ಚಿ ಪಟ್ಟಿ ಪಟ್ಟಿಯಾಗಿ ಕತ್ತರಿಸಿದರು. ಯಂತ್ರದ ಸದ್ದಾದರೆ ಮಗ ಎದ್ದಾನೆಂದು ರಾತ್ರಿ ಕೈಯಲ್ಲೇ ಹೊಲಿಯತೊಡಗಿದರು. ಸೊಸೆ ಸೂಜಿಗೆ ದಾರ ಪೋಣಿಸಿ ಕೊಡುವಳು. ಬೆಳಿಗ್ಗೆ ಗಂಡ ಅಂದು ಒಯ್ಯುವ ಪೆಟ್ಟಿಗೆಗಳನ್ನು ಮುಚ್ಚಿ ತನ್ನದೇ ರೀತಿಯ ಗಂಟು ಹಾಕುವನು: ಎರಡು ಸುತ್ತು, ಒಂದು ಕುಣಿಕೆ, ತುದಿಯನ್ನು ತಿರುಚಿ ಒಳಕ್ಕೆ ಸಿಕ್ಕಿಸುವುದು. ಆ ಗಂಟನ್ನು ಹಾಕುವುದಾಗಲಿ ಬಿಚ್ಚುವುದಾಗಲಿ ಮನೆಯಲ್ಲಿ ಬೇರೆ ಯಾರಿಗೂ ಬರುತ್ತಿರಲಿಲ್ಲ. ಪೆಟ್ಟಿಗೆಯೊಳಗೆ ಇಣುಕಿದನೋ ಇಲ್ಲವೋ, ಅವನ ಮುಖ ನೋಡಿದರೆ ತಿಳಿಯುತ್ತಿರಲಿಲ್ಲ.

ಎರಡನೆಯ ಕಂತು ಹಂಚಿಯಾಯಿತು. ಕೆಲವು ದಿನಗಳ ಮೇಲೆ ಲಾಯರಮ್ಮ ಶಾಲೆಯಿಂದ ಬಂದವಳೇ ಷೂ ಕಿತ್ತೆಸೆದಳು.

"ಅಜ್ಜೀ, ನೀನು ಎಲ್ಲಕ್ಕೂ ಒಂದೇ ಬಟ್ಟೆ ಹಾಕಿದ್ದು ಯಾಕೆ?"

"ಪರದೆ ಇದ್ದದ್ದೇ ಒಂದು. ಯಾಕೆ, ಚೆನ್ನಾಗಿಲ್ವಾ?"

"ಚೆನ್ನಾಗಿದೆ. ಆದ್ರೆ ಈಗ ಹಸಿರು ಪಟ್ಟಿ ಇದ್ದವರೆಲ್ಲ ಪರದೆ ಪಾರ್ಟಿ ಅಂತೆ. ಅವರು ಬಂದ್ರೆ ಸಾಕು, 'ಕಿಟಕಿ ಮುಚ್ಚ್ರೋ, ಪರದೆ ಬಂತು' ಅಂತ ಕೂಗ್ತಾರೆ. ಒಬ್ಬಳು ಪಟ್ಟಿ ಕಿತ್ತು ನೋಡ್ಕೊಂಡ್ಳು. ಕೆಳಗೆ ಸೀಲಿತ್ತು. ಮತ್ತೆ ಚೀಲ ಹಾಕ್ಕೊಂಡ್ಳು."

ಅತ್ತೆ ಸೂಜಿಯನ್ನು ಸೆರಗಿಗೆ ಚುಚ್ಚಿಟ್ಟರು. ಒಂದೊಂದು ಮಗುವಿನ ಅಂಗಿಯನ್ನೂ ಒಂದೊಂದು ಥರ ಹೊಲಿದು ಹೆಸರು ಮಾಡಿದ ಕೈ ಅದು. ಅಂಥವರು ಈಗ ಕಳ್ಳತನದ ಅವಸರದಲ್ಲಿ ಒಂದೇ ಪರದೆಯಿಂದ ಇಡೀ ಗುಂಪಿಗೆ ಹೊಸ ಮುದ್ರೆ ಹೊಡೆದಿದ್ದರು. ಅಂದು ರಾತ್ರಿ ಊಟ ಬೇಡವೆಂದರು. ಸೊಸೆ ಹಾಲು ತಂದಿಟ್ಟರೆ, "ನಾನೇ ಆ ಮಕ್ಕಳನ್ನ ಸಾಲಲ್ಲಿ ನಿಲ್ಲಿಸಿಬಿಟ್ಟೆ ಕಣಮ್ಮ" ಎಂದರು.

"ಸೀಲು ಹೊಡೆದವರು ಹಾಲು ಕುಡಿದು ಹಾಯಾಗಿ ಮಲಗಿದ್ದಾರೆ" ಎಂದಳು ಸೊಸೆ. ಅವಳ ದನಿ ಅವಳಿಗೇ ಹೊಸದೆನಿಸಿತು. "ಮುಚ್ಚೋಕೆ ಹೋದ ನೀವು ಉಪವಾಸ. ಕುಡೀರಿ."

ಅತ್ತೆ ಕುಡಿದರು. ಮರುದಿನ ಮನೆಯ ಚಿಂದಿಯನ್ನೆಲ್ಲ ಹೊರಗೆಳೆದರು: ಮಗನ ಹಳೆಯ ಪ್ಯಾಂಟು, ಸೊಸೆಯ ಸವೆದ ಶಾಲು, ದಿಂಬಿನ ಚೀಲ. ಹಂಚದೆ ಉಳಿದಿದ್ದ ಕೋಟುಗಳಲ್ಲಿ ಒಂದಕ್ಕೆ ಪಟ್ಟಿ, ಒಂದಕ್ಕೆ ಟೊಪ್ಪಿಗೆ, ಒಂದಕ್ಕೆ ಅಗಲ ಕಾಲರು. ಈಗ ಹಗಲಲ್ಲೇ, ಯಂತ್ರದಲ್ಲೇ ಹೊಲಿದರು.

ಹಾಗೆ ಹೊಲಿಯುತ್ತಿದ್ದ ಒಂದು ಮಧ್ಯಾಹ್ನ ಕೇಂದ್ರದ ಕಾರ್ಯದರ್ಶಿ ಗಂಡನ ಜೊತೆ ಬಂದರು. ಕುರ್ಚಿ ತೋರಿಸಿದರೂ ಕೂರಲಿಲ್ಲ. ಯಂತ್ರದ ಮೇಲಿದ್ದ ಕೋಟನ್ನು ಎರಡು ಬೆರಳಲ್ಲಿ ಎತ್ತಿದರು.

"ಇದೇನಮ್ಮ ಇದು?"

"ಹೊಲಿಗೆ" ಎಂದರು ಅತ್ತೆ.

"ಯಾರು ಹೇಳಿದ್ರು ಹೊಲಿಯೋಕೆ?"

"ಯಾರೂ ಹೇಳ್ಲಿಲ್ಲ. ಬೇಡ ಅಂತಾನೂ ಯಾರೂ ಹೇಳ್ಲಿಲ್ಲ."

"ಸೀಲು ಮುಚ್ಚಿದ ಕೋಟು ನಾಳೆ ಮಾರ್ಕೆಟ್ಟಿಗೆ ಬಂದ್ರೆ ಜವಾಬ್ದಾರಿ ಯಾರದ್ದು?"

"ಮಾರೋಕೆ ಹೊಲೀತಿದೀವಿ ಅಂತೀರಾ?" ಎಂದು ಸೊಸೆ ಬಾಗಿಲಿನಿಂದ ಕೇಳಿದಳು.

"ನಾನು ಅನ್ನಲ್ಲಮ್ಮ. ಅಂಗಡಿಯವರು ಅಂತಾರೆ." ಅವರು ಚೀಲದಿಂದ ಕಾಗದದ ಪೊಟ್ಟಣ ತೆಗೆದು ಊಟದ ಮೇಜಿನ ಮೇಲಿಟ್ಟರು. ಮೇಜು ಒಂದು ಕಡೆ ವಾಲಿತು. ಬಿಚ್ಚಿದರೆ ದಪ್ಪ ಮರದ ಹಲಗೆ, ಮೇಲೆ ಹಿಡಿಕೆ, ಅಡಿಯಲ್ಲಿ ತಿರುಗುಮುರುಗಾದ ರಬ್ಬರಿನ ಅಕ್ಷರ. "ಕೊನೇ ಕಂತು ನಾಳೆ ಬರುತ್ತೆ. ಸೀಲು ಹೊಡೆಯೋಕೆ ಅಂಗಡಿಯಲ್ಲಿ ಆಳಿಲ್ಲವಂತೆ. ಇಲ್ಲೇ ಹೊಡೀಬೇಕು. ಈ ಸಲ ಹಂಚುವಾಗ ಧಣಿಗಳೇ ಬರ್ತಾರೆ. ಮಕ್ಕಳನ್ನ ಬೆನ್ನು ತಿರುಗಿಸಿ ಸಾಲಾಗಿ ನಿಲ್ಲಿಸಿ ಫೋಟೋ. ಅಂಗಡಿಯ ಜಾಹೀರಾತಿಗೆ."

"ಮುಖ ಬೇಡ್ವಾ ಸಾರ್?" ಲಾಯರಮ್ಮ ಕೇಳಿದಳು.

"ಮುಖ ಹಾಕಿದ್ರೆ ಮಕ್ಕಳಿಗೆ ಅವಮಾನ ಆಗುತ್ತಲ್ಲ ಮರಿ."

ಅವರು ಅದನ್ನು ನಿಜವಾಗಿಯೂ ದೊಡ್ಡ ಮನಸ್ಸಿನ ಮಾತೆಂದೇ ಹೇಳಿದ್ದರು. ಹೊರಡುವಾಗ ಗಂಡನ ಹೆಗಲು ತಟ್ಟಿದರು. "ಸೀಲು ನಿನ್ನ ಸುಪರ್ದಿಗೆ. ಒಂದು ಕೋಟು ಬೋಳಾಗಿ ಬಂದ್ರೂ ವ್ಯಾನಿನ ಕೀಲಿ ಟೇಬಲ್ ಮೇಲಿಟ್ಟು ಹೋಗು."

ಮರುದಿನ ಕೋಟುಗಳು ಬಂದವು. ನೀಲಿ, ಕಂದು, ಕಡುಗೆಂಪು, ಬೆನ್ನು ಚೊಕ್ಕವಾಗಿತ್ತು. ರಾತ್ರಿ ಊಟ ಮುಗಿಯುತ್ತಲೇ ಅತ್ತೆ ಬಾಯಿ ಬಿಟ್ಟರು.

"ನಾನು ಬದುಕಿರೋವಾಗ ನನ್ನ ಯಂತ್ರದ ಪಕ್ಕ ಕೂತು ಆ ಸೀಲು ಹೊಡೀತೀಯೇನೋ?"

"ಇನ್ನೇನು ಮಾಡ್ಲಮ್ಮ? ಕೀಲಿ ಇಟ್ಟು ಬರ್ಲಾ? ಆಮೇಲೆ ಬ್ರೆಡ್ಡು ಯಾರು ತರ್ತಾರೆ? ಆ ಮೇಲಿನ ಬೀದಿಯ ಮುದುಕರಿಗೆ ಯಾರು ಮುಟ್ಟಿಸ್ತಾರೆ? ಒಂದು ಸೀಲಿಗೋಸ್ಕರ ಎಲ್ಲಾ ಬಿಡ್ಲಾ?"

"ಒಂದು ಸೀಲಲ್ಲಪ್ಪ, ಒಂದು ಮಗುವಿಗೆ ಒಂದು" ಎಂದಳು ಲಾಯರಮ್ಮ.

"ನೀನು ಸುಮ್ನಿರು!"

ಸೊಸೆ ಎದ್ದಳು. ಬಾಗಿಲ ಹಿಂದಿನ ಮೊಳೆಯಿಂದ ಮಗಳ ಕೋಟನ್ನು ತೆಗೆದು ತಂದು, ಗಂಡನ ಮುಂದಿದ್ದ ತಟ್ಟೆಯನ್ನು ಸರಿಸಿ, ಬೆನ್ನು ಮೇಲೆ ಮಾಡಿ ಹಾಸಿದಳು. ಮೇಜು ಕುಂಟಿತು.

"ಮೊದಲು ಇದಕ್ಕೆ ಹೊಡೀರಿ. ಕೈಗೆ ಅಭ್ಯಾಸ ಆಗ್ಲಿ."

ಗಂಡ ಆ ಕೋಟನ್ನು ನೋಡಿದ. ಒಂದು ಮೂಲೆಯಲ್ಲಿ ಲಾಯರಮ್ಮ ಚೆಲ್ಲಿಕೊಂಡಿದ್ದ ಶಾಯಿಯ ಕಲೆ, ಅತ್ತೆ ಹಾಕಿದ ಹೊಸ ಗುಂಡಿ. ಅವನು ತಟ್ಟೆ ತೊಳೆದಿಟ್ಟು, "ಶಾಯಿ ಇಲ್ಲ. ನಾಳೆ ತಂದು ಹೊಡೀತೀನಿ" ಎಂದು ಮಲಗಲು ಹೋದ. ಅಂದಿನಿಂದ ಸೊಸೆ ಅವನ ಜೊತೆ ಮಾತು ಬಿಟ್ಟಳು. ಊಟ ಬಡಿಸುವಳು, ಬಟ್ಟೆ ಒಗೆಯುವಳು. ಮಾತು ಮಾತ್ರ ಇಲ್ಲ.

ಮಾರನೆಯ ದಿನ ಶಾಯಿ ಅಂಗಡಿ ಮುಚ್ಚಿತ್ತಂತೆ. ಅದರ ಮಾರನೆಯ ದಿನ ತಲೆನೋವಂತೆ. ಹಂಚುವ ಹಿಂದಿನ ದಿನ ಬೆಳಿಗ್ಗೆ ಗಂಡನ ಕೂಗಿಗೆ ಬೀದಿಯವರೆಲ್ಲ ಬಾಗಿಲಿಗೆ ಬಂದರು.

"ಸೀಲೆಲ್ಲಿ? ಕಪಾಟಿನ ಮೇಲಿಟ್ಟಿದ್ದ ಸೀಲೆಲ್ಲಿ? ಯಾರು ಮುಟ್ಟಿದ್ದು?"

ಪೆಟ್ಟಿಗೆಗಳನ್ನು ಮಗುಚಿದ, ಹಾಸಿಗೆ ಕೊಡವಿದ, ಅಕ್ಕಿ ಡಬ್ಬಿಗೂ ಕೈ ಹಾಕಿದ. ಇಷ್ಟು ಜೋರು ದನಿ ಅವನಿಗಿದೆಯೆಂದು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲ.

"ಅಮ್ಮ, ನೀನೇ ತಾನೇ?"

"ನಾನು ಎಸೆಯೋದಾಗಿದ್ರೆ ನಿನ್ನ ಕಣ್ಣ ಮುಂದೇನೇ ಎಸೀತಿದ್ದೆ ಕಣೋ. ನನಗೇನು ಹೆದರಿಕೆ?"

"ಲಾಯರಮ್ಮ?"

"ಸಾಕ್ಷಿ ಇದೆಯಾ?"

ಹೆಂಡತಿಯನ್ನು ಅವನು ಕೇಳಲಿಲ್ಲ. ಬೀದಿಗೆ ಹೋಗಿ ಕಾರ್ಯದರ್ಶಿಗೆ ಫೋನು ಹಚ್ಚಿದ. ಕಿಟಕಿಯಲ್ಲಿ ಅವಳ ಕಿವಿಗೆ ಬಿತ್ತು: "ನನ್ನ ಕೈಯಲ್ಲೇ ಕಳೆದುಹೋಯ್ತು ಸಾರ್. ವ್ಯಾನಿನಲ್ಲಿಟ್ಟಿದ್ದೆ, ಎಲ್ಲೋ ಬಿದ್ದಿದೆ. ಮನೆಯವರದ್ದೇನೂ ಇಲ್ಲ ಸಾರ್." ಕಪಾಟು ಅಷ್ಟು ಬೇಗ ವ್ಯಾನಾಯಿತಲ್ಲ ಎಂದುಕೊಂಡಳು. ತಾಯಿಯ ತಪ್ಪು ಮುಚ್ಚಲು ಹೀಗೆ ಹೇಳುತ್ತಿದ್ದಾನೆ ಎಂದು ಅವಳೇ ಅರ್ಥ ಮಾಡಿಕೊಂಡಳು.

ಅಡುಗೆಮನೆಯಲ್ಲಿ ಅತ್ತೆ ಅವಳ ಕೈ ಹಿಸುಕಿದರು. "ಒಳ್ಳೆ ಕೆಲಸ ಮಾಡಿದೆ ಕಣೇ."

"ನಾನಾ? ನೀವು ಅಂತ ನಾನು..."

"ನಾನಾಗಿದ್ರೆ ಇಷ್ಟು ಹೊತ್ತಿಗೆ ಜಂಬ ಕೊಚ್ಚಿಕೊಳ್ತಿರ್ಲಿಲ್ವಾ?"

ಇಬ್ಬರೂ ಒಬ್ಬರನ್ನೊಬ್ಬರು ನಂಬಲಿಲ್ಲ.

ಹಂಚುವ ದಿನ ಚಳಿ ಮೂಗು ಕೊಯ್ಯುವಂತಿತ್ತು. ತಾಯಂದಿರು ಮಕ್ಕಳನ್ನು ಹಿಡಿದುಕೊಂಡು ಬೆಳಿಗ್ಗೆಯಿಂದ ಸಾಲು ನಿಂತಿದ್ದರು. ಧಣಿ ಕಾರಿನಿಂದ ಇಳಿದು ಬರುವಷ್ಟರಲ್ಲಿ ಕೋಟುಗಳು ಮಕ್ಕಳ ಮೈಮೇಲಿದ್ದವು, ಗುಂಡಿ ಹಾಕಿಯಾಗಿತ್ತು. ಹೊಸ ಸೀಲು ಮಾಡಿಸಲು ಹೊತ್ತಿಲ್ಲದೆ, ಧಣಿಗೆ ವಿಷಯ ತಿಳಿಸಲು ಬಾಯಿ ಬರದೆ, ಕಾರ್ಯದರ್ಶಿ ಮಕ್ಕಳನ್ನು ಬೆನ್ನು ತಿರುಗಿಸಿ ನಿಲ್ಲಿಸಿದ್ದೂ ಆಯಿತು. ಬರೀ ನೀಲಿ, ಬರೀ ಕಂದು. ಫೋಟೋದವನು ಕ್ಯಾಮೆರಾ ಇಳಿಸಿ, "ಸಾರ್, ಇದರಲ್ಲಿ ಏನು ತೆಗೀಲಿ?" ಎಂದ.

ಧಣಿ ಕಾರ್ಯದರ್ಶಿಯನ್ನು ನೋಡಿದರು, ಕಾರ್ಯದರ್ಶಿ ಗಂಡನನ್ನು ನೋಡಿದರು. ಗಂಡ ಪೆಟ್ಟಿಗೆ ಮಡಚುತ್ತಿದ್ದ. ಅಷ್ಟು ಜನರ ಎದುರು, ಆ ಚಳಿಯಲ್ಲಿ, ಮಕ್ಕಳ ಮೈಯಿಂದ ಕೋಟು ಬಿಚ್ಚಿಸುವ ಧೈರ್ಯ ಯಾರಿಗೂ ಬರಲಿಲ್ಲ. ಧೈರ್ಯವಿದ್ದಿದ್ದರೆ ಬಿಚ್ಚಿಸುತ್ತಿದ್ದರು ಎಂಬುದು ಬದಿಯಲ್ಲಿ ನಿಂತಿದ್ದ ಸೊಸೆಗೆ ಅವರ ಮುಖದಲ್ಲೇ ಕಾಣುತ್ತಿತ್ತು.

ಸಂಜೆಗೆ ವ್ಯಾನಿನ ಕೀಲಿ ಹೋಯಿತು. ಕೆಲಸದಿಂದ ತೆಗೆಯಲಿಲ್ಲ; ದೊಡ್ಡ ಮನಸ್ಸು ಮಾಡಿ ಗೋದಾಮಿನಲ್ಲಿ ಮೂಟೆ ಎತ್ತಲು ಹಾಕಿದರು. ಸಂಬಳ ಇಳಿಯಿತು. ಮೊಟ್ಟೆ ಲಾಯರಮ್ಮನ ತಟ್ಟೆಗೆ ಮಾತ್ರ ಬೀಳತೊಡಗಿತು. ಅವಳು ಅದನ್ನು ನಾಲ್ಕು ಪಾಲು ಮಾಡಿ ಎಲ್ಲರ ಜೊತೆ ಜಗಳ ಆಡಿ ತಿನ್ನಿಸುವಳು. ಗಂಡ ಬೆನ್ನು ಹಿಡಿದುಕೊಂಡು ಮನೆಗೆ ಬರುವನು. ಅತ್ತೆ ಬಿಸಿನೀರಿನ ಚೀಲ ಇಡುತ್ತ, "ಒಂದು ಮರದ ತುಂಡು ಕಳೆದದ್ದಕ್ಕೆ ಆಳಿನ ಬೆನ್ನು ಮುರೀತಾರೇನೋ? ಅವರ ಮನೆ ಹಾಳಾಗ" ಎಂದು ಬೈಯುವರು.

"ಹೋಗ್ಲಿ ಬಿಡಮ್ಮ."

"ನಿನ್ನ ಹೋಗ್ಲಿ ಬಿಡಮ್ಮ ಕೇಳಿ ಕೇಳಿ ಸಾಕಾಗಿದೆ. ಅವರ ಪರ ಅಷ್ಟು ವಾದ ಮಾಡಿದ್ಯಲ್ಲ, ಏನು ಸಿಕ್ತು?"

ಅವನು ಕಣ್ಣು ಮುಚ್ಚಿಕೊಂಡ. ಸೊಸೆಗೆ ಪಾಪವೆನಿಸಿತು, ಮೊದಲೇ ಗಟ್ಟಿಯಾಗಿ ನಿಂತಿದ್ದರೆ ಇಷ್ಟಾಗುತ್ತಿತ್ತೇ ಎಂಬ ಸಿಟ್ಟೂ ಇತ್ತು. ಶಾಲೆಯಲ್ಲಿ ಮಾತ್ರ ಒಂದು ಬದಲಾವಣೆ ಕಂಡಿತು. ಗೋಡೆಗೆ ಬೆನ್ನು ಹಚ್ಚಿ ನಿಂತಿದ್ದ ಹುಡುಗಿಗೆ ಈ ಸಲ ಕಂದು ಕೋಟು ಸಿಕ್ಕಿತ್ತು. ಬಂದವಳೇ ಚೀಲ ಇಳಿಸಿ ಗ್ರಂಥಾಲಯದ ಗೂಟಕ್ಕೆ ಸಿಕ್ಕಿಸಿ, ಮೇಜಿನ ಮೇಲೆ ಎರಡೂ ಕೈ ಚಾಚಿ ಓದಲು ಕೂತಳು. ಸೊಸೆ ಪುಸ್ತಕ ಜೋಡಿಸುವ ನೆಪದಲ್ಲಿ ಆ ಬರಿಯ ಬೆನ್ನನ್ನು ಬಹಳ ಹೊತ್ತು ನೋಡಿದಳು. ಆದರೆ ಮೊದಲ ಕಂತಿನ ಉಳಿದ ಮಕ್ಕಳು ಇನ್ನೂ ಚೀಲ ಇಳಿಸಿರಲಿಲ್ಲ. ಮುಂದಿನ ಚಳಿಗಾಲಕ್ಕೆ ಅಂಗಡಿಯವರು ಇನ್ನೂ ದೊಡ್ಡ ಸೀಲು ಮಾಡಿಸುತ್ತಿದ್ದಾರೆಂಬ ಸುದ್ದಿಯೂ ಬಂತು. ಅತ್ತೆ ಬೈಯುತ್ತಲೇ ಬಣ್ಣಬಣ್ಣದ ಚಿಂದಿ ಕೂಡಿಡತೊಡಗಿದರು.

ಒಂದು ಸಂಜೆ ಊಟವಾದ ಮೇಲೆ ಸೊಸೆ ಮೇಜು ಒರೆಸುತ್ತಿದ್ದಳು. ಒಂದು ಕಲೆ ಹೋಗಲೊಲ್ಲದೆಂದು ಮೈಭಾರ ಬಿಟ್ಟು ಉಜ್ಜಿದಳು. ಮೇಜು ಅಲುಗಲಿಲ್ಲ. ಮತ್ತೊಮ್ಮೆ ಒತ್ತಿದಳು. ಇಲ್ಲ. ಎಷ್ಟೋ ದಿನದಿಂದ ಯಾರ ಲೋಟದ ನೀರೂ ಚೆಲ್ಲಿಲ್ಲವೆಂಬುದು ಆಗ ಹೊಳೆಯಿತು. ಗೋದಾಮು, ಸಂಬಳ, ಸಿಟ್ಟುಗಳ ಗದ್ದಲದಲ್ಲಿ ಅವಳ ಕಣ್ಣಿಗೂ ತಪ್ಪಿಹೋಗಿತ್ತು.

ಬಗ್ಗಿ ನೋಡಿದಳು. ಮೋಟು ಕಾಲಿನ ಅಡಿಗೆ ಒಂದು ದಪ್ಪ ಮರದ ತುಂಡು, ವ್ಯಾನು ಒರೆಸುವ ನೀಲಿ ಬಟ್ಟೆಯಲ್ಲಿ ಸುತ್ತಿ ಕಟ್ಟಿದ್ದು. ಎರಡು ಸುತ್ತು, ಒಂದು ಕುಣಿಕೆ, ತುದಿ ತಿರುಚಿ ಒಳಕ್ಕೆ. ಹೆಗಲಿನಿಂದ ಮೇಜನ್ನು ತುಸು ಎತ್ತಿ ಅದನ್ನು ಎಳೆದುಕೊಂಡಳು. ಗಂಟು ಬಿಚ್ಚಲು ಬರಲಿಲ್ಲ. ಬಟ್ಟೆಯ ಅಂಚು ಸರಿಸಿದಳು. ಹಿಡಿಕೆಯನ್ನು ಗರಗಸದಿಂದ ಕೊಯ್ದಾಗಿತ್ತು. ರಬ್ಬರನ್ನು ಬ್ಲೇಡಿನಿಂದ ಹೆರೆದಾಗಿತ್ತು, ಒಂದೊಂದೇ ಅಕ್ಷರವನ್ನು, ಗಂಟೆಗಟ್ಟಲೆ ಕೂತು ಹೆರೆದ ಹಾಗೆ. ಮೂಲೆಯಲ್ಲಿ ಮಾತ್ರ ಒಂದು ಅರ್ಧ ಅಕ್ಷರ ತಿರುಗುಮುರುಗಾಗಿ ಉಳಿದಿತ್ತು.

ಹೊಳೆಗೆ ಎಸೆಯಬಹುದಿತ್ತು, ಒಲೆಗೆ ಹಾಕಬಹುದಿತ್ತು. ಆದರೆ ಬಿಸಾಡುವುದು ಅವನ ಕೈಲಿ ಆಗದ ಕೆಲಸ.

"ಏನು ಹುಡುಕ್ತಿದೀಯಾ?" ಬಾಗಿಲಲ್ಲಿ ಗಂಡನ ದನಿ.

"ಚಮಚ ಬಿತ್ತು."

ಅವಳು ಅವನೊಡನೆ ಆಡಿದ ಮೊದಲ ಮಾತು ಅದು, ಅಷ್ಟು ದಿನಗಳ ಮೇಲೆ.

"ಸಿಕ್ತಾ?"

"ಸಿಕ್ತು."

"ಅಪ್ಪಾ," ಹಜಾರದಿಂದ ಲಾಯರಮ್ಮ ಕೂಗಿದಳು, "ಮೇಜು ಕುಂಟೋದು ನಿಂತಿದೆ! ತುಂಡು ಎಲ್ಲಿ ಸಿಕ್ತು?"

"ಎಲ್ಲೋ ಬಿದ್ದಿತ್ತು" ಎಂದು ಅವನು ಬೆನ್ನು ಹಿಡಿದುಕೊಂಡು ಒಳಗೆ ನಡೆದ.

ಅವಳು ಬಟ್ಟೆಯ ಅಂಚನ್ನು ಮೊದಲಿನಂತೆ ಮಡಚಿ, ತುಂಡನ್ನು ಕಾಲಿನ ಅಡಿಗೆ ತಳ್ಳಿ, ಕೆಂಪು ಶಾಯಿ ಒಂದಿಷ್ಟೂ ಕಾಣದ ಹಾಗೆ ತಿರುಗಿಸಿಟ್ಟಳು. ಇದನ್ನು ಯಾರಿಗೂ ಹೇಳುವುದಿಲ್ಲ ಎಂದು ಅಲ್ಲೇ, ನೆಲದ ಮೇಲೆ ಮಂಡಿಯೂರಿಕೊಂಡೇ ನಿಶ್ಚಯಿಸಿದಳು. ಅತ್ತೆಗೆ ಹೇಳಿದರೆ ಸಂತೋಷಕ್ಕೆ ಬೀದಿಗೆಲ್ಲ ಸಾರುತ್ತಾರೆ. ಲಾಯರಮ್ಮ ಗೆಳತಿಯರ ಮುಂದೆ ಅಪ್ಪನನ್ನು ಕಟಕಟೆಯಲ್ಲಿ ನಿಲ್ಲಿಸಿ ಗೆಲ್ಲಿಸುತ್ತಾಳೆ, ಮಾತು ಕಾರ್ಯದರ್ಶಿಗೆ ಮುಟ್ಟುತ್ತದೆ. ನನಗೆ ಗೊತ್ತಾಯಿತೆಂದು ಅವನಿಗೂ ಹೇಳುವುದು ಬೇಡ.

ಅವಳು ಎದ್ದು, ಬಿಸಿನೀರಿನ ಚೀಲ ತುಂಬಿಸಲು ಒಲೆ ಹಚ್ಚಿದಳು.